ಥೈರಾಯ್ಡ್ ಗಂಟು ವೈರಸ್‌ನಿಂದ ಬರುತ್ತದೆಯೇ? ಮನೆಯಲ್ಲಿ ಲೋಟ ಬೇರೆ ಮಾಡಿದ್ದೇನೆ

ತೋಟದಮನೆ
ಭಾನುವಾರ, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನನಗೆ 46 ವರ್ಷ, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ತಿಂಗಳು ಕುತ್ತಿಗೆ ನೋವೆಂದು ಹೋದಾಗ ಸ್ಕ್ಯಾನ್ ಮಾಡಿ, ಥೈರಾಯ್ಡ್‌ನ ಬಲಭಾಗದಲ್ಲಿ 14 ಮಿಲಿಮೀಟರ್ ಗಂಟು ಇದೆ ಎಂದರು. ನೋವು ದಿಂಬಿನದು, ಗಂಟಿನದಲ್ಲ ಎಂದೂ ಅವರೇ ಹೇಳಿದರು. ಸೂಜಿ ಹಾಕಿ ಪರೀಕ್ಷೆ ಮಾಡಿದರು. ವರದಿಯಲ್ಲಿ ‘ಬೆಥೆಸ್ಡಾ 3’ ಎಂದು ಬಂದಿದೆ. ಒಳ್ಳೆಯದು ಎನ್ನಲೂ ಆಗದು, ಕೆಟ್ಟದ್ದು ಎನ್ನಲೂ ಆಗದು, ಮೂರು ತಿಂಗಳು ಬಿಟ್ಟು ಮತ್ತೆ ಸೂಜಿ ಹಾಕೋಣ ಎಂದಿದ್ದಾರೆ.

ಅಲ್ಲಿಗೆ ಸುಮ್ಮನಿದ್ದೆ. ಆದರೆ ಅಮೆರಿಕದಲ್ಲಿರುವ ನಮ್ಮ ಮೈದುನ ಒಂದು ಸಂಶೋಧನಾ ಲೇಖನ ಕಳುಹಿಸಿದ. ಥೈರಾಯ್ಡ್ ಗಡ್ಡೆಗಳನ್ನು ಪರೀಕ್ಷಿಸಿದಾಗ 109ರಲ್ಲಿ 43ರೊಳಗೆ ಹರ್ಪಿಸ್ ವೈರಸ್ ಸಿಕ್ಕಿತಂತೆ. ನನ್ನ ಮಗಳಿಗೆ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತದೆ. ಚರ್ಮದ ವೈದ್ಯರು ಅದನ್ನು ಹರ್ಪಿಸ್ ಎಂದೇ ಹೇಳಿದ್ದರು. ಅವಳು ಅರ್ಧ ಕುಡಿದಿಟ್ಟ ಹಾಲನ್ನು ಎಷ್ಟು ಸಲ ನಾನು ಮುಗಿಸಿದ್ದೇನೋ ಲೆಕ್ಕವಿಲ್ಲ. ಈಗ ಲೋಟ, ಟವೆಲ್ ಎಲ್ಲ ಬೇರೆ ಮಾಡಿದ್ದೇನೆ. ಏಕೆಂದು ಅವಳು ಕೇಳಿದಳು, ಉತ್ತರ ಕೊಡಲಾಗಲಿಲ್ಲ. ಅವಳಿಂದ ನನಗೆ ಬಂತೇ? ನನ್ನಿಂದ ಅವಳಿಗೆ ಹೋಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಬಸವನಗುಡಿ_ಕಾಫಿ
ಬೆಳಿಗ್ಗೆ 7:35

ಮೊದಲು ಆ ಲೋಟಗಳನ್ನು ಮತ್ತೆ ಒಟ್ಟಿಗೆ ಇಡಿ ಮೇಡಂ, ಮಗು ನೊಂದುಕೊಳ್ಳುತ್ತದೆ. ನಾನು ವೈದ್ಯನಲ್ಲ, ನನಗಾದದ್ದನ್ನು ಹೇಳುತ್ತೇನೆ. 2021ರಲ್ಲಿ ಕೋವಿಡ್ ವಾಸಿಯಾದ ಮೂರು ವಾರಕ್ಕೆ ಕುತ್ತಿಗೆಯ ಮುಂಭಾಗದಲ್ಲಿ ನೋವು ಶುರುವಾಯಿತು. ದವಡೆಗೆ ಏರಿ, ಅಲ್ಲಿಂದ ಕಿವಿಗೆ ಹೋಗುತ್ತಿತ್ತು. ಸಂಜೆಯಾದರೆ ಜ್ವರ, ಎದೆ ಡವಗುಟ್ಟುವುದು. ಒಂದು ಕಡೆ ಬುದ್ಧಿಹಲ್ಲು ಕೀಳಬೇಕು ಎಂದರು, ಇನ್ನೊಂದು ಕಡೆ ಗಂಟಲಿನ ಸೋಂಕೆಂದು ಎರಡು ಸುತ್ತು ಆಂಟಿಬಯೋಟಿಕ್ ನುಂಗಿಸಿದರು. ಮೂರನೆಯ ವೈದ್ಯರು ಥೈರಾಯ್ಡ್ ಮೇಲೆ ಬೆರಳಿಟ್ಟು ಒತ್ತಿದರು ನೋಡಿ, ಕುರ್ಚಿಯಿಂದ ಎದ್ದೇಬಿಟ್ಟೆ. ಸ್ಕ್ಯಾನ್‌ನಲ್ಲಿ ಕಪ್ಪು ಕಪ್ಪು ಕಲೆಗಳು ಕಂಡವು, ವರದಿ ಬರೆದವರು ‘ಗಂಟು, ಶಂಕಾಸ್ಪದ’ ಎಂದು ಬರೆದಿದ್ದರು. ಸ್ಟೀರಾಯ್ಡ್ ಶುರು ಮಾಡಿದ ಎರಡನೆಯ ದಿನ ನೋವು ಮಾಯ. ಐದು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಆ ‘ಗಂಟು’ ಇರಲೇ ಇಲ್ಲ. ಹಾಗಾಗಿ ವೈರಸ್‌ಗೂ ಥೈರಾಯ್ಡಿಗೂ ಏನೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನೇರನುಡಿ
ಬೆಳಿಗ್ಗೆ 8:10

ಇದು ಹೊಸ ಸುದ್ದಿಯೇನಲ್ಲ. 1955ರಿಂದ 1963ರವರೆಗೆ ಕೊಟ್ಟ ಪೋಲಿಯೊ ಲಸಿಕೆಯಲ್ಲಿ ಕೋತಿಯ ಎಸ್‌ವಿ40 ವೈರಸ್ ಇತ್ತು. ಮುಂದೆ ಇಟಲಿಯ ಸಂಶೋಧಕರು ಥೈರಾಯ್ಡ್ ಕ್ಯಾನ್ಸರ್ ಗಡ್ಡೆಗಳಲ್ಲಿ ಅದೇ ವೈರಸ್‌ನ ತುಣುಕುಗಳನ್ನು ಕಂಡರು. ಎರಡೂ ಅಚ್ಚಾದ ವಿಷಯಗಳೇ. ಎರಡನ್ನೂ ಕೂಡಿಸಿ ನೋಡಲು ಮಾತ್ರ ಯಾರಿಗೂ ಧೈರ್ಯವಿಲ್ಲ.

ಪೆಟ್ರಿತಟ್ಟೆ
ಬೆಳಿಗ್ಗೆ 11:20

ತೋಟದಮನೆ ಅಕ್ಕ, ನಿಮ್ಮ ಮೈದುನ ಕಳುಹಿಸಿದ ಲೇಖನ 2010ರದು. ನಾನು ಹನ್ನೊಂದು ವರ್ಷ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಕಿಕೊಂಡು ಬಂದವನು, ಅದನ್ನು ಸಾಲುಸಾಲಾಗಿ ಓದಿದ್ದೇನೆ. ಮೈದುನ ಶೀರ್ಷಿಕೆಯ ಕೆಳಗಿನ ಎರಡು ಸಾಲನ್ನಷ್ಟೇ ಓದಿ ಕಳುಹಿಸಿರಬೇಕು.

ಆ 109 ಮಾದರಿಗಳಲ್ಲಿ 44 ನಿರುಪದ್ರವಿ ಗಂಟುಗಳು, 65 ಕ್ಯಾನ್ಸರ್. ಒಟ್ಟು 43ರಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಡಿಎನ್‌ಎ ಸಿಕ್ಕಿತು, ನಿಜ. ಆದರೆ ಈ ವೈರಸ್‌ನಲ್ಲಿ ಎರಡು ಬಗೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವುದು ಹೆಚ್ಚಾಗಿ ಒಂದನೆಯದು. ಅದು ನಿರುಪದ್ರವಿ ಗಂಟುಗಳಲ್ಲೂ ಕ್ಯಾನ್ಸರ್‌ನಲ್ಲೂ ಒಂದೇ ಪ್ರಮಾಣದಲ್ಲಿ ಕಂಡಿತು. ಕ್ಯಾನ್ಸರ್ ಇದ್ದ ಕಡೆ ಹೆಚ್ಚು, ಇಲ್ಲದ ಕಡೆ ಕಡಿಮೆ ಎಂದಿದ್ದರೆ ಯೋಚಿಸಬಹುದಿತ್ತು. ಎರಡನೆಯ ಬಗೆ ಮಾತ್ರ ಪ್ಯಾಪಿಲರಿ ಕ್ಯಾನ್ಸರ್ (ಥೈರಾಯ್ಡಿನಲ್ಲಿ ಹೆಚ್ಚಾಗಿ ಕಾಣುವ ಬಗೆ) ಜೊತೆಗೆ, ಅದರಲ್ಲೂ ದುಗ್ಧಗ್ರಂಥಿಗೆ ಹರಡಿದ್ದರ ಜೊತೆಗೆ ಹೆಚ್ಚು ಕಂಡಿತು.

ಲೇಖನದಲ್ಲಿ ನನಗೆ ರುಚಿಸಿದ ಭಾಗ ಬೇರೆಯೇ. ಹರ್ಪಿಸ್ ವೈರಸ್ ಕೋಶದೊಳಗೆ ನುಗ್ಗಲು ಕೋಶದ ಮೈಮೇಲೆ ನೆಕ್ಟಿನ್-1 ಎಂಬ ಪ್ರೋಟೀನ್ ಬೇಕು, ಅದೇ ಅದರ ಬಾಗಿಲು. ಸಾಮಾನ್ಯ ಥೈರಾಯ್ಡ್‌ನಲ್ಲಿ ಆ ಬಾಗಿಲು ಕಡಿಮೆ, ಗಡ್ಡೆಯಲ್ಲಿ ಹೆಚ್ಚು, ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಇನ್ನೂ ಹೆಚ್ಚು. ಕೋಶವನ್ನು ಬೆಳೆ ಬೆಳೆ ಎಂದು ತಿವಿಯುವ ಒಳಸಂಕೇತಗಳನ್ನು ಔಷಧದಿಂದ ತಡೆದರೆ ವೈರಸ್ ತಗಲುವುದೂ ಕಡಿಮೆಯಾಯಿತು. ಲೇಖಕರ ತೀರ್ಮಾನವೇ ಇದು: ಗಡ್ಡೆ ಮುಂದುವರಿದಂತೆ ಅದರ ಕೋಶಗಳಿಗೆ ವೈರಸ್ ಸುಲಭವಾಗಿ ತಗಲುತ್ತದೆ. ವೈರಸ್ ಬಂದು ಗಡ್ಡೆ ಮಾಡಿತು ಎಂದು ಅವರು ಎಲ್ಲೂ ಹೇಳಿಲ್ಲ. ಗಡ್ಡೆಯೇ ವೈರಸ್‌ಗೆ ಬಾಗಿಲು ತೆಗೆದಿರುವಂತೆ ಕಾಣುತ್ತದೆ. ಪಾಳುಬಿದ್ದ ಮನೆಯಲ್ಲಿ ಬಾವಲಿ ನೇತಾಡುತ್ತಿದ್ದರೆ ಮನೆ ಕೆಡವಿದ್ದು ಬಾವಲಿ ಎನ್ನುತ್ತೇವೆಯೇ?

ಇನ್ನು ಲೋಟದ ವಿಷಯ. ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಒಂದನೆಯ ಬಗೆಯ ಹರ್ಪಿಸ್ ಇದೆ. ನಿಮಗೆ ಅದು ನಿಮ್ಮ ಬಾಲ್ಯದಲ್ಲೇ, ಮುದ್ದಿಸಿದ ಯಾವುದೋ ಅತ್ತೆಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಗುಳ್ಳೆ ಒಡೆದು ಹಸಿಯಾಗಿರುವಾಗ ಲೋಟ, ಟವೆಲ್ ಬೇರೆ ಇರಲಿ. ಅದು ತುಟಿಯ ಹುಣ್ಣು ಹರಡದಿರಲು. ಥೈರಾಯ್ಡ್ ಗಂಟಿಗಾಗಿ ಯಾವ ಲೋಟವನ್ನೂ ಬೇರೆ ಮಾಡಬೇಕಿಲ್ಲ.

ಅಡಕೆಸಿಪ್ಪೆ
ಮಧ್ಯಾಹ್ನ 12:05

ನನ್ನದೊಂದು ಪೆದ್ದು ಪ್ರಶ್ನೆ. ನನಗೆ ಎರಡು ವರ್ಷದ ಹಿಂದೆ ಸೊಂಟದ ಸುತ್ತ ಸರ್ಪಸುತ್ತು ಆಗಿತ್ತು. ಊರಿನಲ್ಲಿ ಕೆಮ್ಮಣ್ಣು ಹಚ್ಚಿಸಿ, ಆಮೇಲೆ ಗುಟ್ಟಾಗಿ ಮಾತ್ರೆಯನ್ನೂ ನುಂಗಿದೆ. (ಅಮ್ಮನ ಪ್ರಕಾರ ವಾಸಿ ಮಾಡಿದ್ದು ಕೆಮ್ಮಣ್ಣು.) ಅದೂ ಹರ್ಪಿಸ್ ಎಂದು ಚೀಟಿಯಲ್ಲಿತ್ತು. ನಾನೂ ಕುತ್ತಿಗೆ ಮುಟ್ಟಿ ನೋಡಿಕೊಳ್ಳಬೇಕೇ?

ಮತ್ತೆ, ನಮ್ಮ ಮಲೆನಾಡಿನ ಕಡೆ ಗಳಗಂಡ ಎಂದರೆ ಯಾರೂ ಬೆಚ್ಚಿಬೀಳುತ್ತಿರಲಿಲ್ಲ. ನನ್ನ ಅಜ್ಜಿಯ ಕುತ್ತಿಗೆಯಲ್ಲಿ ನಿಂಬೆಹಣ್ಣಿನ ಗಾತ್ರದ್ದು ಇತ್ತು, ಸರದ ಪದಕ ಅದರ ಮೇಲೆ ಓರೆಯಾಗಿ ಕೂರುತ್ತಿತ್ತು. 88 ವರ್ಷ ಬದುಕಿದರು. ಆಗ ವೈರಸ್ ಗಿರಸ್ ಎಂದು ಯಾರೂ ಹೇಳಲಿಲ್ಲ, ನೀರಿನ ದೋಷ ಎನ್ನುತ್ತಿದ್ದರು.

ಸೂಜಿಗಣ್ಣು
ಮಧ್ಯಾಹ್ನ 3:40

ಮೂವತ್ತನಾಲ್ಕು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬೆನ್ನು ಹಾಳು ಮಾಡಿಕೊಂಡ ನಿವೃತ್ತ ರೋಗಶಾಸ್ತ್ರಜ್ಞ ನಾನು. ಒಬ್ಬೊಬ್ಬರಿಗೇ ಹೇಳುತ್ತೇನೆ.

ಅಡಕೆಸಿಪ್ಪೆಯವರೇ, ಸರ್ಪಸುತ್ತಿನ ವೈರಸ್ ಎಂದರೆ ಸೀತಾಳೆ ಸಿಡುಬಿನ ವೈರಸ್ಸೇ. ಇಲ್ಲಿ ಚರ್ಚೆಯಾಗುತ್ತಿರುವುದರ ದಾಯಾದಿ, ಅದೇ ಅಲ್ಲ. ಕುತ್ತಿಗೆ ಮುಟ್ಟಿ ನೋಡಿಕೊಳ್ಳುವ ಅಗತ್ಯವಿಲ್ಲ. ನಿಮ್ಮ ಅಜ್ಜಿಯ ಕಾಲದವರು ನೀರಿನ ದೋಷ ಎಂದದ್ದು ಪೂರ್ತಿ ತಪ್ಪಲ್ಲ. ಮಳೆ ಮಣ್ಣಿನ ಅಯೋಡಿನ್ ತೊಳೆದುಬಿಟ್ಟರೆ ಅಲ್ಲಿನ ನೀರಿನಲ್ಲೂ ಬೆಳೆಯಲ್ಲೂ ಅದು ಇರುವುದಿಲ್ಲ, ಗ್ರಂಥಿ ಸಾಕಷ್ಟು ಸಿಗದ ಕಚ್ಚಾಮಾಲಿಗಾಗಿ ಹಿಗ್ಗುತ್ತ ಹೋಗುತ್ತದೆ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ವಲಯಗಳಾಗಿ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಕೊಟ್ಟು ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು. 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮದ ಹಿಂದೆ ಆ ಕೆಲಸವಿದೆ. ಈಗ ಮತ್ತೆ ಕಲ್ಲುಪ್ಪೇ ಆರೋಗ್ಯ ಎಂದು ಹೊರಟಿರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದು ಇನ್ನೊಂದು ದಿನಕ್ಕಿರಲಿ.

ಬಸವನಗುಡಿಯವರಿಗೆ ಬಂದದ್ದು ಡಿ ಕ್ವೆರ್ವಾನ್ ಥೈರಾಯ್ಡೈಟಿಸ್. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರೊಬ್ಬರು 1904ರಲ್ಲಿ ವಿವರಿಸಿದ್ದು. ಮಂಗನಬಾವು, ಕಾಕ್ಸಾಕಿ, ಅಡಿನೊ ವೈರಸ್ ಹಾವಳಿಗಳ ಬೆನ್ನಿಗೆ ಬರುವುದು ಹಿಂದಿನಿಂದಲೂ ಗೊತ್ತಿತ್ತು. 2020ರಲ್ಲಿ ಇಟಲಿಯ ಪೀಸಾದಿಂದ ಕೋವಿಡ್ ನಂತರದ ಮೊದಲ ಪ್ರಕರಣ ವರದಿಯಾಯಿತು, 18 ವರ್ಷದ ಹುಡುಗಿ. ಇದು ವೈರಸ್ ಎಬ್ಬಿಸಿದ ಉರಿಯೂತ, ಗಡ್ಡೆಯಲ್ಲ. ಸ್ಕ್ಯಾನ್‌ನಲ್ಲಿ ಗಡ್ಡೆಯ ವೇಷ ಹಾಕಿಕೊಂಡು ಬರುತ್ತದೆ, ಅಷ್ಟೆ. ನೋಯುತ್ತದೆ, ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ ಏರಿರುತ್ತದೆ, ಕೆಲವು ತಿಂಗಳಲ್ಲಿ ಕರಗುತ್ತದೆ. ನಿಮ್ಮ ಹಲ್ಲು ಉಳಿದದ್ದು ಪುಣ್ಯ.

ತೋಟದಮನೆಯವರೇ, ಬೆಥೆಸ್ಡಾ ಮೂರು ಎಂದರೆ ‘ನನಗೆ ಗೊತ್ತಾಗುತ್ತಿಲ್ಲ’ ಎಂದು ನನ್ನಂಥವನು ಮರ್ಯಾದೆಯಿಂದ ಬರೆಯುವ ರೀತಿ. ಆರು ದರ್ಜೆಗಳಲ್ಲಿ ಎರಡು ಎಂದರೆ ನಿರುಪದ್ರವಿ, ಆರು ಎಂದರೆ ಕ್ಯಾನ್ಸರ್. ಮೂರರವರಲ್ಲಿ ಬಹುಪಾಲು ಜನರದ್ದು ಕೊನೆಗೆ ನಿರುಪದ್ರವಿಯೇ ಆಗಿರುತ್ತದೆ. 1985ರಲ್ಲಿ ಫಿನ್ಲೆಂಡಿನವರು ಬೇರೆ ಬೇರೆ ಕಾರಣಗಳಿಂದ ತೀರಿಹೋದ 101 ಜನರ ಥೈರಾಯ್ಡನ್ನು ತೆಳುವಾಗಿ ಕೊಯ್ದು ನೋಡಿದರು. ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಜನರಲ್ಲಿ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಸಿಕ್ಕಿತು. ಬದುಕಿದ್ದಾಗ ಅದು ಅವರಿಗೆ ತಿಳಿದೂ ಇರಲಿಲ್ಲ, ತೊಂದರೆಯನ್ನೂ ಕೊಟ್ಟಿರಲಿಲ್ಲ. ಈ ಗ್ರಂಥಿಯ ಸ್ವಭಾವವೇ ಹಾಗೆ.

ನೇರನುಡಿ
ಸಂಜೆ 5:15

ಡಾಕ್ಟರೇ, ಪೆಟ್ರಿತಟ್ಟೆಯವರೇ, ನನ್ನ ಎಸ್‌ವಿ40 ಮಾತಿಗೆ ಯಾರೂ ಉತ್ತರಿಸಿಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ವೈರಸ್ ಕಾರಣ ಎಂದಾಗಲೂ ದೊಡ್ಡವರು ನಕ್ಕಿದ್ದರು. ಹಾಗೆಂದ ಜರ್ಮನಿಯ ವಿಜ್ಞಾನಿ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಪೇಟನ್ ರೌಸ್ 1911ರಲ್ಲಿ ಕೋಳಿಯ ಗಡ್ಡೆ ವೈರಸ್‌ನಿಂದ ಹರಡುತ್ತದೆ ಎಂದು ತೋರಿಸಿದ್ದಕ್ಕೆ ನೊಬೆಲ್ ಬಂದದ್ದು 1966ರಲ್ಲಿ, 55 ವರ್ಷ ಕಾಯಬೇಕಾಯಿತು. ನಾಳೆ ಥೈರಾಯ್ಡಿನ ಸರದಿ ಏಕಾಗಬಾರದು?

ಪೆಟ್ರಿತಟ್ಟೆ
ರಾತ್ರಿ 9:50

ನೇರನುಡಿಯವರೇ, ಈ ಪ್ರಶ್ನೆ ಒಳ್ಳೆಯದು. ನಗುವುದಿಲ್ಲ. ಒಂದೊಂದಾಗಿ ನೋಡೋಣ.

ಎಸ್‌ವಿ40 ಲಸಿಕೆಯಲ್ಲಿತ್ತು, ಸತ್ಯ. ಲಸಿಕೆಯ ವೈರಸ್ಸನ್ನು ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸುತ್ತಿದ್ದುದರಿಂದ ಅದು ಜೊತೆಗೆ ಸೇರಿಕೊಂಡಿತು. 1960ರಲ್ಲಿ ಪತ್ತೆಯಾಯಿತು, 1963ರ ನಂತರ ಅಮೆರಿಕದ ಲಸಿಕೆಯಲ್ಲಿ ಇರಲಿಲ್ಲ. 1998ರಲ್ಲಿ ಇಟಲಿಯವರು ಥೈರಾಯ್ಡ್ ಗಡ್ಡೆಗಳಲ್ಲಿ ಅದರ ಸರಣಿ ಕಂಡದ್ದೂ ನಿಜ. ಆದರೆ ಅದನ್ನು ಕಂಡದ್ದು ಪಿಸಿಆರ್‌ನಿಂದ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಿಮಗೆಲ್ಲ ಆ ಹೆಸರು ಗೊತ್ತು. ಸಾಸಿವೆಯಷ್ಟಿರುವುದನ್ನು ಬೆಟ್ಟ ಮಾಡಿ ತೋರಿಸುವ ಯಂತ್ರ ಅದು. ಸಾಸಿವೆ ಎಲ್ಲಿಂದ ಬಂತು ಎಂದು ಅದು ಹೇಳುವುದಿಲ್ಲ. ಈಗ ಕೇಳಿ: ಜಗತ್ತಿನ ಜೀವವಿಜ್ಞಾನ ಪ್ರಯೋಗಾಲಯಗಳ ಫ್ರೀಜರ್‌ಗಳಲ್ಲಿ ಎಸ್‌ವಿ40ಯ ತುಣುಕುಗಳನ್ನು ಹೊತ್ತ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳು ಉಪ್ಪಿನಕಾಯಿಯಂತೆ ತುಂಬಿವೆ. ಥೈರಾಯ್ಡ್ ಅಧ್ಯಯನ ಮಾಡುವವರು ‘ಸಾಮಾನ್ಯ ಕೋಶ’ ಎಂದು ಸಾಕಿಕೊಳ್ಳುವ ಎನ್‌ಥೈ-ಒರಿ ಎಂಬ ತಳಿಯನ್ನು ಸಾಯದಂತೆ ಮಾಡಿರುವುದೇ ಎಸ್‌ವಿ40ಯ ಜೀನ್ ಹಾಕಿ! ಒಂದು ಹನಿ ಸಿಡಿದರೂ ಸಾಕು. ಶ್ವಾಸಕೋಶದ ಪೊರೆಯ ಕ್ಯಾನ್ಸರ್‌ನಲ್ಲಿ ಎಸ್‌ವಿ40 ಇದೆ ಎಂಬ ಫಲಿತಾಂಶಗಳನ್ನು 2004ರಲ್ಲಿ ಮರುಪರಿಶೀಲಿಸಿದಾಗ ಬಹಳಷ್ಟು ಇಂಥ ಪ್ಲಾಸ್ಮಿಡ್ ಬೆರಕೆಯೇ ಎಂದು ತಿಳಿಯಿತು. 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ಸಮಿತಿ ಇದನ್ನೆಲ್ಲ ಜಾಲಾಡಿ, ಆ ಲಸಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತಂದಿತೆಂದು ಒಪ್ಪಲೂ ತಳ್ಳಿಹಾಕಲೂ ಇರುವ ಸಾಕ್ಷ್ಯ ಸಾಲದು ಎಂದಿತು. ‘ಯಾರಿಗೂ ಧೈರ್ಯವಿಲ್ಲ’ ಎಂಬ ನಿಮ್ಮ ಮಾತಿಗೆ ಇದನ್ನು ಹೇಳಬೇಕಾಯಿತು. ಎಲ್ಲರೂ ನೋಡಿದ್ದಾರೆ.

ನಮ್ಮ ಮನೆಯ ದೋಸೆಯೂ ತೂತೇ. 2008ರಲ್ಲಿ ಥೈರಾಯ್ಡ್ ಕ್ಯಾನ್ಸರ್‌ನದೆಂದು ಹೆಸರಾಗಿದ್ದ 40 ಕೋಶತಳಿಗಳ ಗುರುತು ಪರೀಕ್ಷೆ ನಡೆದಾಗ 23 ಮಾತ್ರ ಬೇರೆ ಬೇರೆ ತಳಿಗಳು ಎಂದು ಹೊರಬಿತ್ತು. ವರ್ಷಗಟ್ಟಲೆ ಥೈರಾಯ್ಡಿನದೆಂದು ಬಳಸಿದ ಎಆರ್‌ಒ ತಳಿ ದೊಡ್ಡ ಕರುಳಿನ ಕ್ಯಾನ್ಸರ್‌ನದು, ಎನ್‌ಪಿಎ ಚರ್ಮದ ಕ್ಯಾನ್ಸರ್‌ನದು. ನಾನೂ ಎಆರ್‌ಒ ಮೇಲೆ ಎಂಟು ತಿಂಗಳು ಕೆಲಸ ಮಾಡಿದ್ದೆ. ಆ ವಾರ ಊಟ ಸೇರಲಿಲ್ಲ.

ಈಗ ಗರ್ಭಕಂಠದ ಉದಾಹರಣೆ. ಅಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಗಡ್ಡೆಯಲ್ಲೂ ಎಚ್‌ಪಿವಿ ಎಂಬ ಆ ವೈರಸ್ ಇರುತ್ತದೆ. ಅದರ ಇ6, ಇ7 ಪ್ರೋಟೀನುಗಳು ಗಡ್ಡೆ ಬದುಕಿರುವಷ್ಟು ದಿನವೂ ಕೆಲಸ ಮಾಡುತ್ತಲೇ ಇರುತ್ತವೆ. ಲಸಿಕೆ ಹಾಕಿದರೆ ಕ್ಯಾನ್ಸರ್ ಇಳಿಯುತ್ತದೆ. ಥೈರಾಯ್ಡಿನಲ್ಲಿ ಒಬ್ಬರು ಹರ್ಪಿಸ್ ಎನ್ನುತ್ತಾರೆ, ಇನ್ನೊಬ್ಬರು ಎಸ್‌ವಿ40, ಮತ್ತೊಬ್ಬರು ಪಾರ್ವೊ ಬಿ19, ಮಗದೊಬ್ಬರು ಎಪ್‌ಸ್ಟೈನ್-ಬಾರ್. ಒಂದೇ ಕಳ್ಳನನ್ನು ಇಬ್ಬರು ಸಾಕ್ಷಿಗಳು ಗುರುತಿಸುತ್ತಿಲ್ಲ. ಬಿ19 ಅಂತೂ ಒಮ್ಮೆ ತಗಲಿದರೆ ಅದರ ಡಿಎನ್‌ಎ ಚರ್ಮ, ಯಕೃತ್ತು, ಕೀಲುಗಳಲ್ಲಿ ಜೀವನಪರ್ಯಂತ ಕುಳಿತಿರುತ್ತದೆ. ಅದರ ಎರಡನೆಯ ತಳಿ 1973ಕ್ಕೆ ಮೊದಲು ಹುಟ್ಟಿದವರ ಅಂಗಾಂಶಗಳಲ್ಲಿ ಮಾತ್ರ ಸಿಕ್ಕಿತು ಎಂದು 2006ರಲ್ಲಿ ತೋರಿಸಿದ್ದಾರೆ. ಆ ತಳಿ ಓಡಾಟ ನಿಲ್ಲಿಸಿ ದಶಕಗಳಾದರೂ ಮೈಯಲ್ಲಿ ಗುರುತು ಉಳಿದಿದೆ, ಹಳೆಯ ಬಸ್ ಟಿಕೆಟ್ ಅಂಗಿಯ ಜೇಬಿನಲ್ಲಿ ಉಳಿದಂತೆ. ಜೇಬಿನಲ್ಲಿ ಟಿಕೆಟ್ ಸಿಕ್ಕಿತೆಂದು ಅದೇ ಬಸ್ಸಿನಲ್ಲಿ ಕಳ್ಳತನವಾಯಿತು ಎನ್ನಲಾಗದು.

ಇನ್ನೊಂದು ಕಾರಣವೂ ಇದೆ. 2014ರಲ್ಲಿ 496 ಪ್ಯಾಪಿಲರಿ ಗಡ್ಡೆಗಳ ಜೀನೋಮ್ ಓದಿದರು. ಅದಕ್ಕೆ ಮೊದಲು ನಾಲ್ಕರಲ್ಲೊಂದು ಗಡ್ಡೆಗೆ ಮೂಲ ದೋಷ ತಿಳಿದಿರಲಿಲ್ಲ. ಆ ಕೆಲಸದ ನಂತರ ಅದು 3.5 ಶೇಕಡಾಕ್ಕೆ ಇಳಿಯಿತು. ಬಿಆರ್‌ಎಎಫ್, ಆರ್‌ಎಎಸ್, ಆರ್‌ಇಟಿ ಹೀಗೆ ಕೋಶದ ಸ್ವಂತ ಜೀನುಗಳೇ ಕೆಟ್ಟಿದ್ದವು. ಚೆರ್ನೋಬಿಲ್ ನಂತರ ಬೆಲಾರೂಸ್, ಉಕ್ರೇನಿನ ಮಕ್ಕಳಿಗೆ ಬಂದ ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ವಿಕಿರಣ ಅಯೋಡಿನ್ ಮಾಡಿದ್ದು ಆರ್‌ಇಟಿ ಜೀನ್ ತುಂಡಾಗಿ ಬೇರೊಂದಕ್ಕೆ ಅಂಟಿಕೊಳ್ಳುವ ಕೆಲಸವನ್ನೇ. ವೈರಸ್‌ಗೆ ಉಳಿದಿರುವ ಜಾಗ ಚಿಕ್ಕದು.

ಸೂಜಿಗಣ್ಣು
ಸೋಮವಾರ, ಬೆಳಿಗ್ಗೆ 8:30

ಪೆಟ್ರಿತಟ್ಟೆಯವರು ಬಾಗಿಲನ್ನು ಸ್ವಲ್ಪ ಹೆಚ್ಚೇ ಬಿಗಿಯಾಗಿ ಹಾಕಿದರು. ವೈರಸ್ ಒಳಗೆ ಬಂದು ತಾನೇ ಗಡ್ಡೆ ಮಾಡಬೇಕೆಂದಿಲ್ಲ. ಹೊರಗೆ ನಿಂತು ಬೆಂಕಿ ಹಚ್ಚಿ ಹೋಗಬಹುದು. ಹೆಪಟೈಟಿಸ್ ಸಿ ಇರುವವರಲ್ಲಿ ಥೈರಾಯ್ಡ್ ವಿರೋಧಿ ಪ್ರತಿಕಾಯಗಳು ಹೆಚ್ಚು ಕಾಣುತ್ತವೆ, ಇಟಲಿಯ ಕೆಲವು ಅಧ್ಯಯನಗಳಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಕೂಡ ಹೆಚ್ಚು ಕಂಡಿದೆ. ಅವರಿಗೆ ಹಿಂದೆ ಕೊಡುತ್ತಿದ್ದ ಇಂಟರ್‌ಫೆರಾನ್ ಔಷಧವೂ ಥೈರಾಯ್ಡನ್ನು ಕೆಣಕುತ್ತಿತ್ತು, ಹಾಗಾಗಿ ಯಾವುದು ಯಾವುದರಿಂದ ಎಂದು ಬಿಡಿಸುವುದು ಕಷ್ಟ. ಇನ್ನು, ಜಪಾನಿನ ಹಾಶಿಮೊಟೊ 1912ರಲ್ಲಿ ವಿವರಿಸಿದ ದೀರ್ಘಕಾಲದ ಉರಿಯೂತ ಇರುವವರಲ್ಲಿ ಥೈರಾಯ್ಡಿನ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಸಾಧ್ಯತೆ ಹಲವು ಪಟ್ಟು ಹೆಚ್ಚು. (ಆ ಲಿಂಫೋಮಾ ತೀರಾ ಅಪರೂಪ, ಹಾಶಿಮೊಟೊ ಇರುವವರು ಇದನ್ನು ಓದಿ ನಿದ್ರೆಗೆಡಬೇಡಿ.) ಉರಿಯೂತದ ದಾರಿಯಲ್ಲಿ ವೈರಸ್‌ನ ಕೈ ಇರಬಹುದು ಎಂಬ ಶಂಕೆಯನ್ನು ನಾನು ಇಟ್ಟುಕೊಂಡಿದ್ದೇನೆ.

ಪೆಟ್ರಿತಟ್ಟೆ
ಬೆಳಿಗ್ಗೆ 9:05

ಒಪ್ಪಿದೆ ಡಾಕ್ಟರೇ. ನಿಮ್ಮ ಕಡೆಗೆ ಒಂದು ಅಂಕ ನಾನೇ ಕೊಡುತ್ತೇನೆ: 1990ರ ದಶಕದಲ್ಲಿ ಎಚ್‌ಪಿವಿಯ ಇ7 ಜೀನನ್ನು ಇಲಿಯ ಥೈರಾಯ್ಡಿನಲ್ಲಿ ಕೆಲಸ ಮಾಡುವಂತೆ ಕೂರಿಸಿದಾಗ ಮೊದಲು ಗಳಗಂಡ, ಆಮೇಲೆ ಕ್ಯಾನ್ಸರ್ ಬಂತು. ವೈರಸ್‌ನ ಪ್ರೋಟೀನ್ ಈ ಗ್ರಂಥಿಯಲ್ಲಿ ಗಡ್ಡೆ ಮಾಡಬಲ್ಲದು. ಮನುಷ್ಯನಲ್ಲಿ ಮಾಡುತ್ತಿದೆಯೇ ಎಂಬುದು ಬೇರೆ ಪ್ರಶ್ನೆ.

ಹಾನ್‌ನದಿಯ_ಕನ್ನಡಿಗ
ಬೆಳಿಗ್ಗೆ 10:40

ನಾನು ಸೋಲ್‌ನಲ್ಲಿದ್ದೇನೆ, ಇಲ್ಲಿನ ಕಥೆ ಹೇಳಲೇಬೇಕು. 1999ರಲ್ಲಿ ಕೊರಿಯಾ ಸರ್ಕಾರ ಕ್ಯಾನ್ಸರ್ ತಪಾಸಣೆ ಶುರು ಮಾಡಿತು. ಥೈರಾಯ್ಡ್ ಅದರಲ್ಲಿರಲಿಲ್ಲ, ಆದರೆ ಚಿಕ್ಕ ಮೊತ್ತಕ್ಕೆ ಆ ಸ್ಕ್ಯಾನನ್ನೂ ಸೇರಿಸಿ ಮಾಡತೊಡಗಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ 15 ಪಟ್ಟಾಯಿತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು! 2014ರಲ್ಲಿ ವೈದ್ಯರೇ ಎದ್ದು ಸಾಕು ಎಂದ ಮೇಲೆ ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆ ಮೂರನೇ ಒಂದು ಭಾಗದಷ್ಟು ಇಳಿಯಿತು. ಆ ಹದಿನೈದು ಪಟ್ಟನ್ನು ಕಂಡು ಯಾರಾದರೂ ಹೊಸ ವೈರಸ್ ಹುಡುಕಲು ಹೊರಟಿದ್ದರೆ ಏನಾಗುತ್ತಿತ್ತು? ಹರಡುತ್ತಿದ್ದುದು ಸ್ಕ್ಯಾನ್ ಯಂತ್ರ. ನನ್ನ ಸಹೋದ್ಯೋಗಿಗಳಲ್ಲಿ ಮೂವರ ಕುತ್ತಿಗೆಯಲ್ಲಿ ಆ ಗೆರೆ ಇದೆ, ಮೂವರೂ ದಿನಾ ಬೆಳಿಗ್ಗೆ ಮಾತ್ರೆ ನುಂಗುತ್ತಾರೆ.

ಬಸವನಗುಡಿ_ಕಾಫಿ
ಬೆಳಿಗ್ಗೆ 11:00

ಹಾಗೆಂದು ಸ್ಕ್ಯಾನೇ ಬೇಡ ಎನ್ನಬೇಡಿ ಸ್ವಾಮಿ. ತೋಟದಮನೆಯವರದ್ದು ಈಗಾಗಲೇ ಕಂಡುಬಿಟ್ಟಿದೆ. ಕಂಡದ್ದನ್ನು ಕಾಣದಂತೆ ಮಾಡುವುದು ಹೇಗೆ?

ಸೂಜಿಗಣ್ಣು
ಬೆಳಿಗ್ಗೆ 11:25

ಮಾಡಬೇಕಿಲ್ಲ. ಮೂರು ತಿಂಗಳು ಕಾಯುವುದು, ಮತ್ತೆ ಸೂಜಿ. ಹೆಸರುಗಳೂ ಬದಲಾಗುತ್ತಿವೆ: 2016ರಲ್ಲಿ ಥೈರಾಯ್ಡಿನ ಒಂದು ಬಗೆಯ ಗಡ್ಡೆಯ ಹೆಸರಿನಿಂದ ‘ಕ್ಯಾನ್ಸರ್’ ಎಂಬ ಪದವನ್ನೇ ಕಿತ್ತುಹಾಕಿದರು, ಏಕೆಂದರೆ ಅದು ಕ್ಯಾನ್ಸರ್‌ನಂತೆ ವರ್ತಿಸುತ್ತಿರಲಿಲ್ಲ. ಹರ್ಪಿಸ್‌ಗೆ ರಕ್ತಪರೀಕ್ಷೆ ಮಾಡಿಸಬೇಡಿ ತಾಯಿ. ಬಹುಶಃ ಇದೆ ಎಂದೇ ಬರುತ್ತದೆ, ಚಿಕಿತ್ಸೆಯಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ.

ತೋಟದಮನೆ
ಮೂರೂವರೆ ತಿಂಗಳ ನಂತರ, ರಾತ್ರಿ 8:15

ಎಲ್ಲರಿಗೂ ಮತ್ತೆ ನಮಸ್ಕಾರ. ನಿನ್ನೆ ವರದಿ ಬಂತು. ಬೆಥೆಸ್ಡಾ 2. ಗಾತ್ರ 14 ಮಿಲಿಮೀಟರೇ, ಬೆಳೆದಿಲ್ಲ. ಒಂದು ವರ್ಷ ಬಿಟ್ಟು ಸ್ಕ್ಯಾನ್ ಸಾಕು ಎಂದರು. ಮೈದುನನಿಗೆ ಪಾಳುಮನೆಯ ಬಾವಲಿಯ ಉಪಮೆ ಹೇಳಿದೆ, ‘ಅತ್ತಿಗೆ, ನಾನು ಪೂರ್ತಿ ಓದಿರಲಿಲ್ಲ’ ಎಂದು ಒಪ್ಪಿಕೊಂಡ.

ಮಗಳಿಗೆ ಅರ್ಧವಾರ್ಷಿಕ ಪರೀಕ್ಷೆಗೆ ಸರಿಯಾಗಿ ಮತ್ತೆ ಗುಳ್ಳೆ ಎದ್ದಿತು. ಈ ಸಲ ಅವಳೇ ಲೋಟ ತೆಗೆದು ಬೇರೆ ಇಟ್ಟು, ‘ಒಣಗುವ ತನಕ ಮಾತ್ರ, ಆಮೇಲೆ ನನ್ನ ಹಾಲು ನೀನೇ ಮುಗಿಸಬೇಕು’ ಎಂದಳು.

ಸೂಜಿಗಣ್ಣು
ರಾತ್ರಿ 8:50

ಸಂತೋಷ. ಎರಡೂ ಸ್ಕ್ಯಾನ್‌ಗಳ ಹೊಳಪು ಕಾಗದದ ಚಿತ್ರಗಳಿಗೆ ಈಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಬೀರುವಿನ ಸೆಖೆಗೆ ಮಸುಕಾಗುತ್ತ ಹೋಗುತ್ತವೆ, ಮುಂದಿನ ಸಲ ಹೋಲಿಸಿ ನೋಡಲು ಅವೇ ಬೇಕು.